ಎಂಟು ವಿಷಯ ಕೂಡಿಸಿ ಎಂಟರಿಂದ ಭಾಗಿಸಿದರೆ ಎಸ್‌ಜಿಪಿಎ ಯಾಕೆ ಬರಲ್ಲ?

ಪ್ರಶ್ನೆ: ಸರ್, ನಮ್ಮೂರು ಬ್ಯಾಡಗಿ ಹತ್ತಿರ. ಅಪ್ಪ ಮೆಣಸಿನಕಾಯಿ ಬೆಳೀತಾರೆ. ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ ಮುಗಿಸಿದೆ. ಮೊದಲ ಸೆಮಿಸ್ಟರಿನ ಎಂಟು ವಿಷಯದ ಗ್ರೇಡ್ ಪಾಯಿಂಟ್ ಕೂಡಿಸಿ ಎಂಟರಿಂದ ಭಾಗಿಸಿದರೆ 8.13 ಬರುತ್ತೆ, ಆದರೆ ಗ್ರೇಡ್ ಕಾರ್ಡ್‌ನಲ್ಲಿ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಪಾಯಿಂಟ್) 7.50 ಅಂತಿದೆ. ತಪ್ಪಾಗಿದೆಯಾ? ಎರಡನೇ ಸೆಮಿಸ್ಟರಿನದು 7.90. ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ, ಅಂದರೆ ಸಿಜಿಪಿಎ, ಎಷ್ಟಾಯಿತು, ಮೂರನೇ ವರ್ಷ ಮುಗಿಯೋದರೊಳಗೆ 8 ಮುಟ್ಟಬಹುದಾ? ಅಪ್ಪ ‘ಪರ್ಸೆಂಟ್ ಎಷ್ಟು’ ಅಂತಾರೆ. ಗೆಳೆಯರು 9.5ರಿಂದ ಗುಣಿಸು ಅಂತಾರೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಅಕ್ಕ 10ರಿಂದ ಗುಣಿಸು ಅಂತಾಳೆ. ಯಾರ ಮಾತು ಕೇಳಲಿ? ಗ್ರೇಡ್ ಕಾರ್ಡ್ ಜೊತೆಗಿದೆ.

ಉತ್ತರ: ಮೊದಲು ಸಮಾಧಾನ ಮಾಡಿಕೊ, ಗ್ರೇಡ್ ಕಾರ್ಡ್ ಸರಿಯಾಗಿದೆ. 7.50 ನಿನ್ನದೇ. ನಿನ್ನ ಲೆಕ್ಕದಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ, ಅಷ್ಟೇ. ಕಾರ್ಡ್‌ನಲ್ಲಿ ವಿಷಯದ ಹೆಸರಿನ ಪಕ್ಕದಲ್ಲಿ ‘ಕ್ರೆಡಿಟ್’ ಅಂತ ಒಂದು ಸಣ್ಣ ಅಂಕಿ ಇದೆ ನೋಡು, 4, 3, 1 ಅಂತ. ಆ ಕಾಲಂ ಕಡೆ ಯಾರೂ ಕಣ್ಣು ಹಾಯಿಸಲ್ಲ, ಎಲ್ಲರಿಗೂ ಗ್ರೇಡ್ ನೋಡುವ ಅವಸರ. ಆದರೆ ಇಡೀ ಲೆಕ್ಕ ನಿಂತಿರೋದು ಅದರ ಮೇಲೆ.

ನಿಮ್ಮ ಮನೆಯದೇ ಲೆಕ್ಕ ಹೇಳ್ತೀನಿ. ಬ್ಯಾಡಗಿ ಮಾರ್ಕೆಟ್ಟಿಗೆ ಅಪ್ಪ 5 ಕ್ವಿಂಟಲ್ ಕಡ್ಡಿ ಮೆಣಸಿನಕಾಯಿ, 1 ಕ್ವಿಂಟಲ್ ಡಬ್ಬಿ ಮೆಣಸಿನಕಾಯಿ ಒಯ್ದರು ಅಂದುಕೊ. ಕಡ್ಡಿಗೆ ಕ್ವಿಂಟಲ್‌ಗೆ 20,000, ಡಬ್ಬಿಗೆ 32,000 ಸಿಕ್ಕಿತು ಅಂತ ಇಟ್ಟುಕೊ, ಸುಮ್ನೆ ಲೆಕ್ಕಕ್ಕೆ. ಸರಾಸರಿ ದರ ಎಷ್ಟು? 20 ಸಾವಿರ, 32 ಸಾವಿರ ಕೂಡಿಸಿ ಎರಡರಿಂದ ಭಾಗಿಸಿ 26,000 ಅಂದರೆ ಅಪ್ಪ ನಗ್ತಾರೆ. ಅವರ ಕೈಗೆ ಬಂದಿದ್ದು ಕಡ್ಡಿಯಿಂದ 1,00,000, ಡಬ್ಬಿಯಿಂದ 32,000, ಒಟ್ಟು 1,32,000. ಮಾಲು 6 ಕ್ವಿಂಟಲ್. ಅಂದರೆ ಕ್ವಿಂಟಲ್‌ಗೆ 22,000 ಬಿತ್ತು. ಡಬ್ಬಿಯ ದರ ಎಷ್ಟೇ ಚೆಂದ ಇದ್ದರೂ ಅದು ಬರೀ ಒಂದು ಕ್ವಿಂಟಲ್, ಅಲ್ವಾ?

ಕ್ರೆಡಿಟ್ ಅಂದರೆ ಆ ಕ್ವಿಂಟಲ್, ಗ್ರೇಡ್ ಪಾಯಿಂಟ್ ಅಂದರೆ ದರ. ನೀನು ಬರೀ ದರ ಕೂಡಿಸಿ ಭಾಗಿಸಿದೆ.

ಈ ತೂಕ ಎಲ್ಲಿಂದ ಬಂತು ಅಂದರೆ, ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠ ನಡೆದರೆ ಅದು ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ವಾರಕ್ಕೆ ಎರಡು ಗಂಟೆಗೆ ಒಂದು ಕ್ರೆಡಿಟ್. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹಾಕಿಕೊಟ್ಟ ಅಳತೆ ಇದು. ಅದಕ್ಕೇ ಗಣಿತ 4, ಕನ್ನಡ 1. ಕನ್ನಡಕ್ಕೆ ಒಂದೇ ಕ್ರೆಡಿಟ್ ಯಾಕೆ ಅನ್ನೋ ಹೊಟ್ಟೆಯುರಿ ನನಗೂ ಇದೆ, ಆದರೆ ಲೆಕ್ಕ ಮಾಡುವಾಗ ಕಾರ್ಡ್‌ನಲ್ಲಿ ಇರೋದನ್ನೇ ಹಿಡಿಯಬೇಕು.

ಈಗ ನಿನ್ನ ಕಾರ್ಡ್ ಬಿಚ್ಚೋಣ. ಎಷ್ಟು ಅಂಕಕ್ಕೆ ಎಷ್ಟು ಪಾಯಿಂಟ್ ಅನ್ನೋ ನಿನ್ನ ಮೆಟ್ಟಿಲು ಹೀಗಿದೆ: 90 ಮತ್ತು ಮೇಲೆ ಓ ಗ್ರೇಡ್, 10 ಪಾಯಿಂಟ್. 80ರಿಂದ 89 ಎ ಪ್ಲಸ್, 9. 70ರಿಂದ 79 ಎ, 8. 60ರಿಂದ 69 ಬಿ ಪ್ಲಸ್, 7. 55ರಿಂದ 59 ಬಿ, 6. 50ರಿಂದ 54 ಸಿ, 5. 40ರಿಂದ 49 ಪಿ, 4. ಅದಕ್ಕಿಂತ ಕೆಳಗೆ ಎಫ್, ಸೊನ್ನೆ. ಒಂದು ಹಾಳೆ ತಗೊಂಡು ನನ್ನ ಜೊತೆ ಬರೆಯುತ್ತಾ ಹೋಗು. ಗಣಿತ 58 ಅಂಕ, 6 ಪಾಯಿಂಟ್, 4 ಕ್ರೆಡಿಟ್, ಗುಣಿಸಿದರೆ 24. ಫಿಸಿಕ್ಸ್ 69, ಅಂದರೆ 7, ಅದಕ್ಕೂ 4 ಕ್ರೆಡಿಟ್, 28. ಸಿ ಪ್ರೋಗ್ರಾಮಿಂಗ್ 79, ಪಾಯಿಂಟ್ 8, ಕ್ರೆಡಿಟ್ 3, 24. ಎಲೆಕ್ಟ್ರಿಕಲ್ 64, 7 ಪಾಯಿಂಟ್‌ಗೆ 3 ಕ್ರೆಡಿಟ್, 21. ಮೆಕ್ಯಾನಿಕ್ಸ್ 71, 8 ಪಾಯಿಂಟ್‌ಗೆ 3 ಕ್ರೆಡಿಟ್, 24. ಉಳಿದ ಮೂರೂ ಒಂದೊಂದು ಕ್ರೆಡಿಟ್ಟಿನವು: ಇಂಗ್ಲಿಷ್ 84ಕ್ಕೆ 9, ಕನ್ನಡ 94ಕ್ಕೆ 10, ಆರೋಗ್ಯದ ವಿಷಯ 92ಕ್ಕೆ 10.

ಕೊನೆಯ ಕಾಲಂ ಕೂಡಿಸು. 24, 28, 24, 21, 24, 9, 10, 10. ಒಟ್ಟು 150. ಕ್ರೆಡಿಟ್ ಕೂಡಿಸಿದರೆ 20. 150 ಭಾಗಿಸು 20, ಬಂತು 7.50. ಎಸ್‌ಜಿಪಿಎ ಅಂದರೆ ಇಷ್ಟೇ, ಇದರಲ್ಲಿ ಬೇರೆ ಗುಟ್ಟಿಲ್ಲ.

ನಿನ್ನ 8.13 ಎಲ್ಲಿಂದ ಹುಟ್ಟಿತು ಅಂತ ಈಗ ಕಾಣುತ್ತೆ. ಹಗುರವಾದ ಮೂರು ವಿಷಯದಲ್ಲಿ 9, 10, 10 ಬಂದಿದೆ. ಅವನ್ನು ಗಣಿತ, ಫಿಸಿಕ್ಸ್ ಪಕ್ಕದಲ್ಲಿ ಸಮ ತೂಕಕ್ಕೆ ಕೂರಿಸಿದ್ದಕ್ಕೆ ಸರಾಸರಿ ಮೇಲಕ್ಕೆ ಎದ್ದಿತು. ಮೊದಲ ವರ್ಷದವರಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ಪಿಯುಸಿಯಲ್ಲಿ ಆರು ವಿಷಯ, ಎಲ್ಲಕ್ಕೂ ನೂರು ಅಂಕ, ಸುಮ್ನೆ ಕೂಡಿಸಿ ಭಾಗಿಸಿದರೆ ಸರಿಯಾಗುತ್ತಿತ್ತು. ಆ ರೂಢಿ ಇಲ್ಲಿ ಕೈಕೊಡುತ್ತೆ. ಹಾಗಂತ ತೂಕದ ಸರಾಸರಿ ನಿನಗೆ ಹೊಸದೇನಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದವಕ್ಕೆ ನೂರು ನೂರು, ಒಟ್ಟು 625 ಇತ್ತಲ್ಲ, ಅಲ್ಲೂ ಒಂದು ವಿಷಯ ಉಳಿದವಕ್ಕಿಂತ ತೂಕ ಜಾಸ್ತಿ ಇತ್ತು.

ಇಲ್ಲಿ ಸ್ವಲ್ಪ ನಿಲ್ಲು, ಇದು ಯಾರೂ ಹೇಳಿಕೊಡದ ಜಾಗ. ನಿನ್ನ ಅಂಕಗಳನ್ನು ಮತ್ತೊಮ್ಮೆ ನೋಡು. ಫಿಸಿಕ್ಸ್ 69. ಒಂದೇ ಒಂದು ಅಂಕ ಬಂದಿದ್ದರೆ 70, ಪಾಯಿಂಟ್ 7ರ ಬದಲು 8. 4 ಕ್ರೆಡಿಟ್ ಆದ್ದರಿಂದ ಒಟ್ಟಿಗೆ 4 ಸೇರುತ್ತಿತ್ತು, ಎಸ್‌ಜಿಪಿಎ 0.20 ಏರುತ್ತಿತ್ತು. ಸಿ ಪ್ರೋಗ್ರಾಮಿಂಗ್ 79, ಅಲ್ಲೂ ಒಂದೇ ಅಂಕಕ್ಕೆ 0.15 ಹೋಯಿತು. ಗಣಿತ 58, ಎರಡು ಅಂಕ ಬಂದಿದ್ದರೆ 60, ಮತ್ತೆ 0.20. ಮೂರೂ ಸೇರಿಸಿದರೆ ಬರೀ ನಾಲ್ಕು ಅಂಕ! ಆ ನಾಲ್ಕು ಅಂಕಕ್ಕೆ 150 ಇದ್ದದ್ದು 161 ಆಗುತ್ತಿತ್ತು, 7.50 ಇದ್ದದ್ದು 8.05 ಆಗುತ್ತಿತ್ತು. ಇನ್ನೊಂದು ಕಡೆ ನೋಡು, ಕನ್ನಡದಲ್ಲಿ 94 ಇದ್ದದ್ದನ್ನು 100 ಮಾಡಿದ್ದರೂ ಎಸ್‌ಜಿಪಿಎ ಒಂದು ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ, 10ರ ಮೇಲೆ ಮೆಟ್ಟಿಲೇ ಇಲ್ಲ. ಇಂಗ್ಲಿಷ್‌ನಲ್ಲಿ ಆರು ಅಂಕ ಜಾಸ್ತಿ ತಗೊಂಡಿದ್ದರೂ ಸಿಗುತ್ತಿದ್ದದ್ದು 0.05.

ಫಿಸಿಕ್ಸ್‌ನದು ಇನ್ನೂ ಹತ್ತಿರದಿಂದ ನೋಡೋಣ. ಇಂಟರ್ನಲ್ 50ಕ್ಕೆ 38, ಕೊನೆಯ ಪರೀಕ್ಷೆ 100ಕ್ಕೆ 62. ಆ 62 ಅರ್ಧಕ್ಕೆ ಇಳಿದು 31 ಆಯಿತು, 38 ಮತ್ತು 31, ಒಟ್ಟು 69. ಅಂದರೆ ಕೊನೆಯ ಪರೀಕ್ಷೆಯಲ್ಲಿ ಒಂದು ಅಂಕ ಮೇಲೆ ಬರಬೇಕಾದರೆ ಪೇಪರ್‌ನಲ್ಲಿ ಎರಡು ಅಂಕ ಬರೆಯಬೇಕು. ಅದೇ ಇಂಟರ್ನಲ್‌ನಲ್ಲಿ ಫೈನಲ್ ಶೀಟಿಗೆ ಹೋಗುವ ಒಂದು ಅಂಕ ಪೂರ್ತಿ ಒಂದು ಅಂಕವೇ. ಒಂದು ಅಸೈನ್‌ಮೆಂಟ್ ತಡವಾಯಿತು ಅಂತ ಬಿಟ್ಟುಬಿಡುವುದು, ಲ್ಯಾಬ್ ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳದೇ ಇರುವುದು, ಇಂಥ ಸಣ್ಣ ವಿಷಯದಲ್ಲೇ ಮೆಟ್ಟಿಲು ತಪ್ಪುತ್ತೆ. ಧಾರವಾಡದಲ್ಲಿ ಗಣಿತ ಪಾಠ ಮಾಡಿಕೊಂಡು, ಹುಡುಗರ ಗ್ರೇಡ್ ಕಾರ್ಡ್ ನೋಡಿಕೊಂಡೇ ನನ್ನ ವರ್ಷಗಳು ಕಳೆದಿವೆ. 69, 79, 89 ಇರುವ ಕಾರ್ಡ್ ಕಂಡಾಗ ಇವತ್ತಿಗೂ ಮನಸ್ಸಿಗೆ ಕಷ್ಟ ಆಗುತ್ತೆ. ಇನ್ನು ಮುಂದೆ ಇಂಟರ್ನಲ್ ಅಂಕ ಗೋಡೆಗೆ ಹಚ್ಚಿದ ದಿನವೇ ಕೂತು, ಪ್ರತಿ ವಿಷಯಕ್ಕೂ ಮುಂದಿನ ಮೆಟ್ಟಿಲಿಗೆ ಪೇಪರ್‌ನಲ್ಲಿ ಎಷ್ಟು ಬೇಕು ಅಂತ ಬರೆದಿಡು. 4 ಕ್ರೆಡಿಟ್ಟಿನವು ಮೊದಲು.

ಇನ್ನು ಸಿಜಿಪಿಎ. ಅದೂ ಇದೇ ಲೆಕ್ಕ, ಸೆಮಿಸ್ಟರ್‌ಗಳನ್ನೆಲ್ಲ ಸೇರಿಸಿ ಮಾಡೋದು. ಮೊದಲ ಸೆಮಿಸ್ಟರ್ 20 ಕ್ರೆಡಿಟ್‌ಗೆ 150. ಎರಡನೆಯದು 20 ಕ್ರೆಡಿಟ್, 7.90, ಅಂದರೆ 158. ಒಟ್ಟು 308, ಭಾಗಿಸು 40, ಸಿಜಿಪಿಎ 7.70. ‘ಸರ್, 7.50 ಮತ್ತು 7.90 ಕೂಡಿಸಿ ಎರಡರಿಂದ ಭಾಗಿಸಿದರೂ 7.70 ಬರುತ್ತೆ’ ಅಂತ ನೀನು ಹೇಳಬಹುದು. ಬರುತ್ತೆ, ಎರಡೂ ಸೆಮಿಸ್ಟರ್‌ಗೆ ಸಮ ಕ್ರೆಡಿಟ್ ಇರೋದಕ್ಕೆ. ಹುಡುಗರು ಮೋಸ ಹೋಗೋದು ಇಲ್ಲೇ. ಮೊದಲ ವರ್ಷ ಸುಲಭದ ದಾರಿ ಸರಿ ಬಂತು ಅಂತ ಮುಂದೂ ಅದನ್ನೇ ಹಿಡೀತಾರೆ. ಒಂದು ಸೆಮಿಸ್ಟರ್‌ಗೆ 24 ಕ್ರೆಡಿಟ್, 7.00 ಬಂತು, ಇನ್ನೊಂದಕ್ಕೆ 16 ಕ್ರೆಡಿಟ್, 9.00 ಬಂತು ಅಂದುಕೊ. ಸುಮ್ನೆ ಸರಾಸರಿ ತೆಗೆದರೆ 8.00. ನಿಜವಾದ ಲೆಕ್ಕ 168 ಮತ್ತು 144, ಒಟ್ಟು 312, ಭಾಗಿಸು 40, ಅಂದರೆ 7.80. ಕಂಪನಿಯವರು 8ಕ್ಕೆ ಗೆರೆ ಎಳೆದಿದ್ದರೆ ಈ 0.20 ದೊಡ್ಡದು.

ಮೂರನೇ ವರ್ಷದ ಕೊನೆಗೆ 8 ಮುಟ್ಟಬಹುದಾ ಅಂತ ಕೇಳಿದ್ದೀಯ. ಖಂಡಿತ ಮುಟ್ಟಬಹುದು, ಎಷ್ಟು ಬೇಕು ಅಂತಲೂ ಲೆಕ್ಕ ಹಾಕಿ ಕೊಡ್ತೀನಿ. ಮುಂದಿನ ನಾಲ್ಕು ಸೆಮಿಸ್ಟರ್ ತಲಾ 20 ಕ್ರೆಡಿಟ್ ಅಂತ ಹಿಡಿ, ನಿನ್ನ ಸ್ಕೀಮಿನಲ್ಲಿ, ಅಂದರೆ ನಿನ್ನ ಬ್ಯಾಚಿನ ಪಠ್ಯಕ್ರಮದಲ್ಲಿ, ಅಂಕಿ ಬೇರೆ ಇದ್ದರೆ ಅದನ್ನು ಹಾಕಿಕೊ. ಆರು ಸೆಮಿಸ್ಟರ್‌ಗೆ 120 ಕ್ರೆಡಿಟ್. 8.00 ಬೇಕಂದರೆ ಒಟ್ಟು 960 ಬೇಕು. ನಿನ್ನ ಬಳಿ 308 ಇದೆ. ಉಳಿದದ್ದು 652, ಅದನ್ನು 80ರಿಂದ ಭಾಗಿಸಿದರೆ 8.15. ಅಂದರೆ ಮುಂದಿನ ನಾಲ್ಕೂ ಸೆಮಿಸ್ಟರ್ 8.15ರ ಆಸುಪಾಸು ಬಂದರೆ ಸಾಕು. ನಾಲ್ಕು ಅಂಕ ಜಾಸ್ತಿ ಬಂದಿದ್ದರೆ ಮೊದಲ ಸೆಮಿಸ್ಟರಿನಲ್ಲೇ 8.05 ತಗೊಳ್ಳುತ್ತಿದ್ದ ಹುಡುಗ ನೀನು, ಇದು ನಿನ್ನ ಕೈಗೆ ಎಟುಕದ ಮಾತಲ್ಲ. ಆದರೆ ಮುಂದಕ್ಕೆ ಹಾಕಬೇಡ. ಸಿಜಿಪಿಎ ದಿನ ಕಳೆದಂತೆ ಭಾರ ಆಗುತ್ತಾ ಹೋಗುತ್ತೆ. ಐದು ಸೆಮಿಸ್ಟರ್ 7.70ರಲ್ಲೇ ಉಳಿದು, ಆರನೆಯದರಲ್ಲಿ ಹೊಡೆದು 9.00 ತಂದರೂ ಒಟ್ಟು 7.92ಕ್ಕೆ ನಿಲ್ಲುತ್ತೆ. 8 ಮುಟ್ಟಲ್ಲ.

ಎಫ್ ಬಗ್ಗೆ ನೀನು ಕೇಳಿಲ್ಲ, ದೇವರ ದಯೆಯಿಂದ ನಿನಗೆ ಬಂದೂ ಇಲ್ಲ, ಆದರೂ ರೂಮ್‌ಮೇಟ್‌ಗಾದರೂ ಬೇಕಾಗುತ್ತೆ. ಎಫ್ ಬಂದರೆ ಪಾಯಿಂಟ್ ಸೊನ್ನೆ, ಆದರೆ ಎಸ್‌ಜಿಪಿಎ ಲೆಕ್ಕದಲ್ಲಿ ಆ ವಿಷಯದ ಕ್ರೆಡಿಟ್ ಕೆಳಗಡೆ, ಅಂದರೆ ಭಾಗಿಸುವ ಅಂಕಿಯಲ್ಲಿ, ಹಾಗೇ ಉಳಿಯುತ್ತೆ. ನಿನ್ನ ಗಣಿತ ಹೋಗಿದ್ದರೆ 150ರಲ್ಲಿ 24 ಕಳೆದು 126, ಭಾಗಿಸು 20, ಬರೀ 6.30. ಒಂದೇ ವಿಷಯಕ್ಕೆ ಇಷ್ಟು! ಪಾಸಾದ ಮೇಲೆ ಸೊನ್ನೆಯ ಜಾಗದಲ್ಲಿ ಹೊಸ ಗ್ರೇಡ್ ಕೂರುತ್ತೆ, ಹಾಗಾಗಿ ಎದೆಗುಂದಬೇಕಿಲ್ಲ. ಸಿಜಿಪಿಎಗೆ ಮಾತ್ರ ಎಷ್ಟೋ ಕಡೆ ಬೇರೆ ನಿಯಮ ಇರುತ್ತೆ, ಪಾಸಾಗುವವರೆಗೆ ಆ ವಿಷಯವನ್ನು ಮೇಲೂ ಹಿಡಿಯಲ್ಲ, ಕೆಳಗೂ ಹಿಡಿಯಲ್ಲ. ನಿಮ್ಮ ಕಾಲೇಜಿನ ನಿಯಮಾವಳಿಯ ಪುಟ ತೆರೆದು ನೋಡು. ಯೋಗ, ಎನ್‌ಎಸ್‌ಎಸ್, ಕ್ರೀಡೆ ಇಂಥವು ಸೊನ್ನೆ ಕ್ರೆಡಿಟ್ಟಿನಲ್ಲಿ ಬಂದರೆ ಲೆಕ್ಕಕ್ಕೆ ತೂಕ ಇಲ್ಲ, ಆದರೆ ಮುಗಿಸದೇ ಬಿಡುವಂತಿಲ್ಲ.

ಈಗ ಪರ್ಸೆಂಟ್. ಇದನ್ನು ಗಮನ ಇಟ್ಟು ಓದು.

9.5 ಎಲ್ಲಿಂದ ಬಂತು ಗೊತ್ತಾ? ಅದು ಸಿಬಿಎಸ್‌ಇ ಹತ್ತನೇ ತರಗತಿಯದು. 2010ರಿಂದ 2017ರವರೆಗೆ ಅಲ್ಲಿ ಅಂಕದ ಬದಲು ಸಿಜಿಪಿಎ ಕೊಡುತ್ತಿದ್ದರು. 91ರಿಂದ 100 ತಗೊಂಡವರಿಗೆಲ್ಲ 10 ಪಾಯಿಂಟ್. ಆ ಗುಂಪಿನ ಮಕ್ಕಳ ಸರಾಸರಿ ಅಂಕ 95ರ ಹತ್ತಿರ ಇತ್ತು, ಅದಕ್ಕೆ 10ಕ್ಕೆ 95 ಅಂತ ಹಿಡಿದು 9.5ರಿಂದ ಗುಣಿಸಿ ಅಂದರು. 2018ರಿಂದ ಅಲ್ಲೇ ಆ ಪದ್ಧತಿ ನಿಂತುಹೋಯಿತು. ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಹಾಸ್ಟೆಲ್‌ನಿಂದ ಹಾಸ್ಟೆಲ್‌ಗೆ ಆ 9.5 ಇನ್ನೂ ಓಡಾಡ್ತಿದೆ.

ಅಕ್ಕ ಹೇಳಿದ್ದು ಅವಳ ಮಟ್ಟಿಗೆ ಪೂರ್ತಿ ಸರಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಮೆಟ್ಟಿಲಿಲ್ಲ. ಅಂಕವನ್ನು 10ರಿಂದ ಭಾಗಿಸಿದರೆ ಅದೇ ಗ್ರೇಡ್ ಪಾಯಿಂಟ್. 69ಕ್ಕೆ 6.9, 79ಕ್ಕೆ 7.9. ಹಾಗಾಗಿ ಅವರ ಒಜಿಪಿಎಯನ್ನು (ಸಿಜಿಪಿಎಗೆ ಅಲ್ಲಿನ ಹೆಸರು) 10ರಿಂದ ಗುಣಿಸಿದರೆ ನೇರವಾಗಿ ಪರ್ಸೆಂಟ್ ವಾಪಸ್ ಬರುತ್ತೆ. ನಿನ್ನದೇ ಅಂಕ, ನಿನ್ನದೇ ಕ್ರೆಡಿಟ್ ಹಿಡಿದು ಅಕ್ಕನ ಪದ್ಧತಿಯಲ್ಲಿ ಮಾಡಿ ನೋಡಿದೆ: 58ಕ್ಕೆ 4, 69ಕ್ಕೆ 4, 79ಕ್ಕೆ 3 ಅಂತ ಗುಣಿಸುತ್ತಾ ಹೋದರೆ ಒಟ್ಟು 1420, ಭಾಗಿಸು 20, ಅಂದರೆ 71. ಅವಳ ಅಳತೆಯಲ್ಲಿ ನೀನು 7.10, ನಿನ್ನ ಅಳತೆಯಲ್ಲಿ 7.50. ಅದೇ ಪರೀಕ್ಷೆ, ಅದೇ ಉತ್ತರ, ಅಂಕಿ ಮಾತ್ರ ಬೇರೆ. ಹಬ್ಬಕ್ಕೆ ಮನೆಗೆ ಹೋದಾಗ ಇಬ್ಬರ ಪಾಯಿಂಟ್ ಪಕ್ಕಪಕ್ಕ ಇಟ್ಟು ಯಾರಾದರೂ ಹೋಲಿಸಿದರೆ ಇದನ್ನು ತೋರಿಸು, ಅಕ್ಕನಿಗೆ ಅನ್ಯಾಯ ಆಗಬಾರದು.

ನಿನ್ನಲ್ಲಿ 0.40 ಜಾಸ್ತಿ ಕಾಣೋದು ಯಾಕೆ? ಮೆಟ್ಟಿಲಿನಿಂದ. 70 ತಗೊಂಡರೂ 8, 79 ತಗೊಂಡರೂ 8. ಆ ಗುಂಪಿನವರ ಅಂಕ ಸುಮಾರು 75ರ ಹತ್ತಿರ, ಆದರೆ 8ನ್ನು 10ರಿಂದ ಗುಣಿಸಿದರೆ 80 ಅನ್ನುತ್ತೆ. ಐದರಷ್ಟು ಉಬ್ಬಿತು. ಈ ಉಬ್ಬನ್ನು ಇಳಿಸುವುದಕ್ಕೇ ಎಷ್ಟೋ ಸೂತ್ರಗಳಲ್ಲಿ ಮೊದಲು ಸ್ವಲ್ಪ ಕಳೆದು ಆಮೇಲೆ ಗುಣಿಸುತ್ತಾರೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ಕೋಷ್ಟಕದಲ್ಲಿ 6.25ಕ್ಕೆ 55, 6.75ಕ್ಕೆ 60, 7.25ಕ್ಕೆ 65 ಅಂತ ಇದೆ, ಅಂದರೆ 0.75 ಕಳೆದು 10ರಿಂದ ಗುಣಿಸಿದ ಹಾಗೆ. ಆ ಲೆಕ್ಕದಲ್ಲಿ ನಿನ್ನ 7.70 ಅಂದರೆ 69.5. ನೇರವಾಗಿ 10ರಿಂದ ಗುಣಿಸಿದರೆ 77, 9.5ರಿಂದ ಗುಣಿಸಿದರೆ 73.15. ಒಬ್ಬನೇ ಹುಡುಗನಿಗೆ ಮೂರು ಪರ್ಸೆಂಟ್! ಇದರಲ್ಲಿ ನಿನಗೆ ಇಷ್ಟವಾದದ್ದನ್ನು ಆರಿಸಿಕೊಳ್ಳುವ ಹಕ್ಕು ನಿನಗಿಲ್ಲ. ನಿನ್ನ ಗ್ರೇಡ್ ಕಾರ್ಡಿನ ಹಿಂಭಾಗ ನೋಡು, ಅಲ್ಲಿಲ್ಲದಿದ್ದರೆ ನಿನ್ನ ಬ್ಯಾಚಿನ ಸ್ಕೀಮಿನ ನಿಯಮಾವಳಿ ನೋಡು, ಅಲ್ಲಿ ಬರೆದ ಸೂತ್ರ ಒಂದೇ ನಿನ್ನದು. ಒಂದೇ ವಿಶ್ವವಿದ್ಯಾಲಯದಲ್ಲೂ ಸ್ಕೀಮ್ ಬದಲಾದಾಗ ಸೂತ್ರ ಬದಲಾಗಬಹುದು, ಸೀನಿಯರ್ ಹೇಳಿದ್ದನ್ನು ನಂಬಬೇಡ.

ಇಷ್ಟು ಗಟ್ಟಿಯಾಗಿ ಯಾಕೆ ಹೇಳ್ತೀನಿ ಅಂದರೆ, ಕೆಲವು ವರ್ಷದ ಹಿಂದೆ ನನ್ನ ಬಳಿ ಓದಿದ ಒಬ್ಬ ಹುಡುಗಿ ಒಂದು ಕಂಪನಿಯ ಫಾರ್ಮ್‌ನಲ್ಲಿ ಪರ್ಸೆಂಟ್ ಬರೆದಳು. ಸಿಜಿಪಿಎ 6.90. ಯಾರೋ ಹೇಳಿದರು ಅಂತ 9.5ರಿಂದ ಗುಣಿಸಿ 65.55 ಅಂತ ತುಂಬಿದಳು. ಅವಳ ವಿಶ್ವವಿದ್ಯಾಲಯದ ಸೂತ್ರದಲ್ಲಿ ಅದು 61.5. ಪರೀಕ್ಷೆ ಪಾಸು, ಇಂಟರ್‌ವ್ಯೂ ಪಾಸು, ದಾಖಲೆ ನೋಡುವ ದಿನ ಎರಡು ಅಂಕಿ ತಾಳೆಯಾಗಲಿಲ್ಲ ಅಂತ ವಾಪಸ್ ಕಳಿಸಿಬಿಟ್ಟರು. ಕಂಪನಿ ಕೇಳಿದ್ದು 60 ಮಾತ್ರ. ಅವಳ ನಿಜವಾದ ಅಂಕಿಯೇ ಸಾಕಾಗುತ್ತಿತ್ತು. ಧಾರವಾಡದ ಬಸ್ಸು ಹತ್ತಿ ನೇರವಾಗಿ ನನ್ನ ಮನೆಗೆ ಬಂದು, ಆ ಫಾರ್ಮಿನ ಜೆರಾಕ್ಸ್ ಮೇಜಿನ ಮೇಲಿಟ್ಟು ಕೂತಿದ್ದಳು, ಬಹಳ ಹೊತ್ತು ಮಾತೇ ಆಡಲಿಲ್ಲ. ಅವತ್ತಿನಿಂದ ಪ್ರತಿ ಬ್ಯಾಚಿಗೂ ಮೊದಲ ವಾರವೇ ಈ ಲೆಕ್ಕ ಬೋರ್ಡ್ ಮೇಲೆ ಮಾಡಿಸ್ತೀನಿ.

ಫಾರ್ಮ್‌ನಲ್ಲಿ ಸಿಜಿಪಿಎ ಅಂತಲೇ ಕೇಳಿದರೆ ಸಿಜಿಪಿಎಯನ್ನೇ ಬರೆ, ಎರಡು ದಶಮಾಂಶದವರೆಗೆ, ಕಾರ್ಡ್‌ನಲ್ಲಿ ಇದ್ದ ಹಾಗೆ. 7.46 ಇದ್ದರೆ 7.5 ಅಂತ ಸರಿಮಾಡಬೇಡ. ವಿದೇಶದ ಅರ್ಜಿಯಲ್ಲಿ 4ರ ಅಳತೆ ಇದ್ದರೂ ಅಷ್ಟೇ, ನೀನಾಗಿಯೇ 2.5ರಿಂದ ಭಾಗಿಸಬೇಡ, ಹತ್ತರಲ್ಲಿ ಎಷ್ಟು ಅಂತ ಬರೆದು ಕಾರ್ಡ್ ಲಗತ್ತಿಸು.

ಅಪ್ಪನಿಗೆ ಮಾತ್ರ ಬೇರೆ ಉತ್ತರ ಕೊಡು. ಅವರಿಗೆ ಸೂತ್ರ ಬೇಕಿಲ್ಲ, ಮಗ ಹೇಗೆ ಓದ್ತಿದ್ದಾನೆ ಅಂತ ಗೊತ್ತಾಗಬೇಕು. ‘ಮೊದಲ ಸೆಮಿಸ್ಟರಿನಲ್ಲಿ ನೂರಕ್ಕೆ 71 ಬಿತ್ತು, ದೊಡ್ಡ ವಿಷಯಕ್ಕೆ ಜಾಸ್ತಿ ತೂಕ ಹಾಕಿ ತೆಗೆದದ್ದು’ ಅನ್ನು. ಮಾರ್ಕೆಟ್ಟಿನ ಪಟ್ಟಿ ನೋಡಿ ನೋಡಿ ಗೊತ್ತಿರುವವರು, ನನಗಿಂತ ಬೇಗ ಅರ್ಥ ಮಾಡಿಕೊಳ್ತಾರೆ.

ಎರಡನೇ ಸೆಮಿಸ್ಟರಿನ ಕಾರ್ಡ್ ನೀನು ಕಳಿಸಿಲ್ಲ. ಅದನ್ನು ನೀನೇ ಕೈಯಲ್ಲಿ ಮಾಡು, ಮೊಬೈಲ್ ಆಪ್ ಬೇಡ. ಕೊನೆಯ ಕಾಲಂ ಕೂಡಿಸಿದಾಗ 158 ಬರಬೇಕು. ಬರಲಿಲ್ಲ ಅಂದರೆ ಹಾಳೆಯ ಫೋಟೋ ಕಳಿಸು, ಎಲ್ಲಿ ತಪ್ಪಿತು ಅಂತ ಕೂತು ನೋಡೋಣ.